ಎರಡು ರಿಲ್ಯಾಕ್ಸರ್‌ಗಳ ನಡುವೆ: ಕೂದಲು ಮುರಿಯದಂತೆ ಅಂತರ ಹೆಚ್ಚಿಸುವ ಪಾಠ

ಊರಿಂದ ಹೊರಡುವ ಮುಂಚೆ ಚಟ್ನಿಪುಡಿ, ಕುಕ್ಕರ್, ಸ್ವೆಟರ್‌ಗಳ ಜೊತೆಗೆ ನಮ್ಮಲ್ಲಿ ಹಲವರು ಮುಗಿಸಿಕೊಳ್ಳುವ ಇನ್ನೊಂದು ಕೆಲಸ ಇದೆ: ಪಾರ್ಲರ್‌ಗೆ ಹೋಗಿ ಕೂದಲು ನೇರ ಮಾಡಿಸಿಕೊಳ್ಳೋದು. ಅಮೆರಿಕಕ್ಕೆ ಬಂದು ಮೊದಲ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಬುಡದಲ್ಲಿ ಹಳೆಯ ಗುಂಗುರು ಮತ್ತೆ ತಲೆ ಎತ್ತಿರುತ್ತೆ. ಮೇಲೆ ಉಬ್ಬು, ಕೆಳಗೆ ಚಪ್ಪಟೆ. ಇಲ್ಲಿನ ಸಲೂನ್‌ನಲ್ಲಿ ದರ ಕೇಳಿದರೆ ಒಂದು ತಿಂಗಳ ದಿನಸಿ ಖರ್ಚು ನೆನಪಾಗುತ್ತೆ. ಆಗ ಕಣ್ಣಿಗೆ ಬೀಳೋದು ಅಂಗಡಿಯ ಕಪಾಟಿನಲ್ಲಿ ಕಡಿಮೆ ಬೆಲೆಗೆ ಸಿಗುವ ರಿಲ್ಯಾಕ್ಸರ್ ಡಬ್ಬಿ. ಅದನ್ನು ಕೊಳ್ಳುವ ಮುಂಚೆ ಈ ಪಾಠ ಓದಿಬಿಡಿ.

ರಿಲ್ಯಾಕ್ಸರ್ ಮುಖ್ಯವಾಗಿ ಬಿಗಿಯಾದ ಸುರುಳಿ ಕೂದಲಿಗಾಗಿ ಬಂದ ವಸ್ತು. ಅಮೆರಿಕದ ಕಪ್ಪು ಮಹಿಳೆಯರು ತಲೆಮಾರುಗಳಿಂದ ಇದನ್ನು ಬಳಸಿ, ಇದರ ಒಳಿತು ಕೆಡುಕು ಎರಡನ್ನೂ ಕಂಡವರು. ಒಂದು ಸಲ ಹಚ್ಚಿದ ಮೇಲೆ ಮುಂದಿನ ಸಲದವರೆಗಿನ ಅಂತರವನ್ನು ಹೆಚ್ಚಿಸುವ ಕ್ರಮಕ್ಕೆ ಅವರು 'ಸ್ಟ್ರೆಚಿಂಗ್' ಅಂತ ಹೆಸರಿಟ್ಟಿದ್ದಾರೆ. ರಿಲ್ಯಾಕ್ಸರ್ ಹಚ್ಚುವವರಿಗಷ್ಟೇ ಅಲ್ಲ, ಸ್ಮೂತನಿಂಗ್ ಮಾಡಿಸಿಕೊಂಡು ಬಂದ ನಮ್ಮವರಿಗೂ ಇದರಿಂದ ಕಲಿಯೋದು ಬಹಳ ಇದೆ. ಇಡೀ ಪಾಠದ ತಿರುಳು ಇಷ್ಟೇ: ಅಂತರ ಹೆಚ್ಚಿಸೋದು ಅಂದ್ರೆ ಸುಮ್ಮನೆ ದಿನ ದೂಡೋದಲ್ಲ. ಒಂದೇ ತಲೆಯ ಮೇಲಿರುವ ಎರಡು ಬಗೆಯ ಕೂದಲನ್ನೂ, ಅವೆರಡು ಸೇರುವ ಜಾಗವನ್ನೂ ಕಾಪಾಡಿಕೊಳ್ಳೋದು.

1. ಕೂದಲಿನ ಒಳಗೆ ಏನಾಗುತ್ತೆ?

ಕೂದಲು ಕೆರಾಟಿನ್ ಎಂಬ ಪ್ರೋಟೀನ್‌ನಿಂದ ಆದದ್ದು. ಹೊರಗೆ ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಕೂತ ಪದರಗಳು, ಒಳಗೆ ಉದ್ದುದ್ದ ಪ್ರೋಟೀನ್ ಎಳೆಗಳು. ಈ ಎಳೆಗಳನ್ನು ಅಡ್ಡಡ್ಡ ಹಿಡಿದಿಡೋದು ಬಂಧಗಳು, ಏಣಿಯ ಮೆಟ್ಟಿಲುಗಳ ಹಾಗೆ. ಇವುಗಳಲ್ಲಿ ಹೈಡ್ರೋಜನ್ ಬಂಧಗಳು ದುರ್ಬಲ. ನೀರು ತಾಗಿದರೆ ಬಿಡುತ್ತವೆ, ಒಣಗಿದರೆ ಮತ್ತೆ ಕೂಡುತ್ತವೆ. ಬೆಳಿಗ್ಗೆ ಇಸ್ತ್ರಿ ಮಾಡಿದ ಹಾಗೆ ನೇರವಾಗಿದ್ದ ಕೂದಲು ಮಳೆಯಲ್ಲಿ ನೆನೆದು ಮತ್ತೆ ಗುಂಗುರಾಗೋದು ಇದೇ ಕಾರಣಕ್ಕೆ.

ಗಟ್ಟಿಯಾದವು ಗಂಧಕದ ಬಂಧಗಳು, ಅಂದರೆ ಎರಡು ಗಂಧಕದ ಪರಮಾಣುಗಳು ಕೈ ಹಿಡಿದುಕೊಂಡಿರುವ ಡೈಸಲ್ಫೈಡ್ ಬಂಧಗಳು. ಇವು ನೀರಿಗೂ ಬಾಚಣಿಗೆಗೂ ಬಗ್ಗುವುದಿಲ್ಲ. ಕೂದಲನ್ನು ಬಹುಕಾಲ ನಿಲ್ಲುವಂತೆ ನೇರ ಮಾಡಬೇಕಾದರೆ ಇವನ್ನೇ ಬಿಡಿಸಬೇಕು. ಅದಕ್ಕೆ ಎರಡು ದಾರಿ.

ಮೊದಲನೆಯದು ರಿಲ್ಯಾಕ್ಸರ್. ಇದರಲ್ಲಿರೋದು ಪ್ರಬಲ ಕ್ಷಾರ. 'ಲೈ' ರಿಲ್ಯಾಕ್ಸರ್‌ನಲ್ಲಿ ಸೋಡಿಯಂ ಹೈಡ್ರಾಕ್ಸೈಡ್ ಇರುತ್ತೆ. 'ನೋ-ಲೈ' ಎಂದು ಬರೆದಿರುವ ಮನೆಬಳಕೆಯ ಹಲವು ಡಬ್ಬಿಗಳಲ್ಲಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಕ್ರೀಮಿಗೆ ಗ್ವಾನಿಡಿನ್ ಕಾರ್ಬೋನೇಟ್ ದ್ರವ ಬೆರೆಸುತ್ತಾರೆ. 'ನೋ-ಲೈ' ಅಂದರೆ ಕ್ಷಾರವೇ ಇಲ್ಲ ಅಂತ ಅರ್ಥ ಅಲ್ಲ. ಎರಡರ ಪಿಎಚ್ ಸಹ ಸುಮಾರು 12ರಿಂದ 14. ಶುದ್ಧ ನೀರಿನ ಪಿಎಚ್ 7, ಮತ್ತು ಒಂದೊಂದು ಅಂಕಿ ಏರಿದಾಗಲೂ ಕ್ಷಾರದ ತೀವ್ರತೆ ಹತ್ತು ಪಟ್ಟು ಹೆಚ್ಚುತ್ತೆ ಅನ್ನೋದನ್ನ ಪಿಯುಸಿ ಕೆಮಿಸ್ಟ್ರಿಯಿಂದ ನೆನಪಿಸಿಕೊಳ್ಳಿ. ಈ ಕ್ಷಾರ ಬಂಧದೊಳಗಿನ ಎರಡು ಗಂಧಕದ ಪರಮಾಣುಗಳಲ್ಲಿ ಒಂದನ್ನು ಕಿತ್ತುಹಾಕಿ ಲ್ಯಾಂಥಿಯೋನಿನ್ ಎಂಬ ಬೇರೆಯೇ ಬಂಧವನ್ನು ಉಳಿಸುತ್ತೆ. ಹೋದ ಗಂಧಕ ಹೋಯಿತು. ಯಾವ ಕಂಡೀಷನರ್ ಹಚ್ಚಿದರೂ ಆ ಕೂದಲು ಮೊದಲಿನಂತಾಗುವುದಿಲ್ಲ.

ಎರಡನೆಯದು ಥಯೋ ದಾರಿ. ಇದರಲ್ಲಿ ಅಮೋನಿಯಂ ಥಯೋಗ್ಲೈಕೋಲೇಟ್‌ನಂಥ ವಸ್ತು ಗಂಧಕದ ಬಂಧವನ್ನು ಬಿಡಿಸುತ್ತೆ. ಕೂದಲನ್ನು ಬಿಸಿ ಇಸ್ತ್ರಿಯಿಂದ ನೇರ ಮಾಡಿ, ಆಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಇರುವ ನ್ಯೂಟ್ರಲೈಸರ್‌ನಿಂದ ಬಂಧಗಳನ್ನು ಹೊಸ ಜಾಗದಲ್ಲಿ ಮತ್ತೆ ಕೂಡಿಸುತ್ತಾರೆ. ನಮ್ಮೂರಿನ ಪಾರ್ಲರ್‌ಗಳಲ್ಲಿ ರೀಬಾಂಡಿಂಗ್, ಸ್ಮೂತನಿಂಗ್ ಅಂತ ಕರೆಯೋದು ಸಾಮಾನ್ಯವಾಗಿ ಇದನ್ನೇ.

ಈಗ ಅಡಿಗೆರೆ ಹಾಕಿಕೊಳ್ಳಬೇಕಾದ ಮಾತು: ಈ ಎರಡು ದಾರಿಗಳು ಒಂದೇ ಕೂದಲಿನ ಮೇಲೆ ಕೂಡಬಾರದು. ಥಯೋ ಆದ ಕೂದಲಿಗೆ ರಿಲ್ಯಾಕ್ಸರ್ ತಾಗಿದರೆ, ಅಥವಾ ರಿಲ್ಯಾಕ್ಸರ್ ಆದ ಕೂದಲಿಗೆ ಥಯೋ ತಾಗಿದರೆ, ಉಳಿದಿದ್ದ ಬಂಧಗಳೂ ಹೋಗಿ ಕೂದಲು ಎಳೆ ಎಳೆಯಾಗಿ ಕೈಗೆ ಬರಬಹುದು. ಬೆಂಗಳೂರಿನ ಸ್ಮೂತನಿಂಗ್ ಮೇಲೆ ಇಲ್ಲಿನ ಡಬ್ಬಿ ಯಾಕೆ ಬೇಡ ಅನ್ನೋದಕ್ಕೆ ಉತ್ತರ ಇದೇ.

2. ಅಂತರ ಯಾಕೆ ಹೆಚ್ಚಿಸಬೇಕು?

ಮೊದಲು ಸ್ವಲ್ಪ ಚರಿತ್ರೆ. 20ನೇ ಶತಮಾನದ ಆರಂಭದಲ್ಲಿ ಕ್ಲೀವ್‌ಲ್ಯಾಂಡ್‌ನ ಗ್ಯಾರೆಟ್ ಮೋರ್ಗನ್ ಕೂದಲು ನೇರ ಮಾಡುವ ಕ್ರೀಮು ತಯಾರಿಸಿ ಮಾರಿದರು. 1923ರಲ್ಲಿ ಟ್ರಾಫಿಕ್ ಸಿಗ್ನಲ್‌ಗೆ ಪೇಟೆಂಟ್ ಪಡೆದ ಕಪ್ಪು ಸಂಶೋಧಕ ಇವರೇ. 1954ರಲ್ಲಿ ಶಿಕಾಗೋದಲ್ಲಿ ಜಾರ್ಜ್ ಜಾನ್ಸನ್ ಶುರು ಮಾಡಿದ ಜಾನ್ಸನ್ ಪ್ರಾಡಕ್ಟ್ಸ್ ಕಂಪನಿ ರಿಲ್ಯಾಕ್ಸರ್ ಮಾರಿ ಬೆಳೆಯಿತು. 1971ರಲ್ಲಿ ಅದು ಅಮೆರಿಕನ್ ಸ್ಟಾಕ್ ಎಕ್ಸ್‌ಚೇಂಜ್‌ಗೆ ಸೇರಿತು. ಕಪ್ಪು ಜನರ ಒಡೆತನದ ಕಂಪನಿಯೊಂದು ಅಲ್ಲಿಗೆ ಹೋದದ್ದು ಅದೇ ಮೊದಲು. ಇಷ್ಟು ದೊಡ್ಡ ಮಾರುಕಟ್ಟೆ ಬರೀ ಅಲಂಕಾರದ ಆಸೆಯಿಂದ ಬೆಳೆದದ್ದಲ್ಲ. ಹುಟ್ಟಿದ ಕೂದಲನ್ನು ಹಾಗೇ ಬಿಟ್ಟುಕೊಂಡು ಹೋದರೆ ಕೆಲಸ ಸಿಗದು, ಶಾಲೆಯಲ್ಲಿ ಮಾತು ಕೇಳಬೇಕು ಅನ್ನುವ ಒತ್ತಡ ಅದರ ಹಿಂದಿತ್ತು. ಇಂಥ ತಾರತಮ್ಯವನ್ನು ತಡೆಯುವ 'ಕ್ರೌನ್ ಆಕ್ಟ್' ಕ್ಯಾಲಿಫೋರ್ನಿಯಾದಲ್ಲಿ ಬಂದದ್ದು 2019ರಲ್ಲಿ. ನಮ್ಮಲ್ಲೂ ಗುಂಗುರು ಕೂದಲಿನ ಹುಡುಗಿಗೆ ಮದುವೆಮನೆಯಲ್ಲಿ "ತಲೆ ಬಾಚ್ಕೊಂಡು ಬರಬಾರದಿತ್ತೇನೇ?" ಅನ್ನೋ ಅತ್ತೆ ದೊಡ್ಡಮ್ಮಂದಿರು ಇದ್ದೇ ಇರ್ತಾರೆ. ಎರಡೂ ಒಂದೇ ತೂಕದ ಕಷ್ಟ ಅಲ್ಲ, ಆದರೆ ಆ ಮಾತಿನ ಮೊನೆ ನಮಗೆ ಗೊತ್ತು.

ಈಗ ಲೆಕ್ಕಕ್ಕೆ ಬರೋಣ. ಕೂದಲು ತಿಂಗಳಿಗೆ ಸರಾಸರಿ 1 ಸೆಂ.ಮೀ.ನಷ್ಟು ಬೆಳೆಯುತ್ತೆ. ಬಿಗಿ ಸುರುಳಿಯ ಆಫ್ರಿಕನ್ ಕೂದಲು ಇನ್ನೂ ತುಸು ನಿಧಾನ. ನಿಮ್ಮ ಕೂದಲು 36 ಸೆಂ.ಮೀ. ಉದ್ದ ಇದ್ದರೆ ಅದರ ತುದಿಗೆ ಸುಮಾರು ಮೂರು ವರ್ಷ ವಯಸ್ಸು. 6 ವಾರಕ್ಕೊಮ್ಮೆ ಟಚ್-ಅಪ್ ಮಾಡಿದರೆ ಆ ಮೂರು ವರ್ಷಗಳಲ್ಲಿ 26 ಸಲ, 12 ವಾರಕ್ಕೊಮ್ಮೆ ಆದರೆ 13 ಸಲ. ಹೊಸ ಬುಡಕ್ಕೆ ಮಾತ್ರ ಹಚ್ಚಬೇಕು ಅಂತ ನಿಯಮ ಇದ್ದರೂ ಪ್ರತಿ ಸಲವೂ ಸ್ವಲ್ಪ ಕ್ರೀಮು ಹಳೆಯ ಕೂದಲಿನ ಮೇಲೆ ಇಳಿಯೋದು ಸಹಜ. 6 ವಾರಕ್ಕೆ ಬೆಳೆದ ಬುಡ ಒಂದೂವರೆ ಸೆಂ.ಮೀ. ಅಷ್ಟು ಕಿರಿದಾದ ಪಟ್ಟಿಯೊಳಗೇ ಕ್ರೀಮನ್ನು ನಿಲ್ಲಿಸೋದು ಪಳಗಿದ ಕೈಗೂ ಕಷ್ಟ. 3 ಸೆಂ.ಮೀ. ಇದ್ದರೆ ಕೆಲಸ ಸುಲಭ. ಅಂತರ ಹೆಚ್ಚಿದಷ್ಟೂ ತಪ್ಪಿ ತಾಗುವ ಸಂದರ್ಭಗಳೂ ಕಡಿಮೆ.

ನೆತ್ತಿಯ ಚರ್ಮಕ್ಕೂ ಬಿಡುವು ಬೇಕು. ಇಷ್ಟು ಪ್ರಬಲ ಕ್ಷಾರ ಚರ್ಮಕ್ಕೆ ತಾಗಿದರೆ ಉರಿ, ಸುಟ್ಟ ಗಾಯ ಎರಡೂ ಆಗಬಹುದು. ಇದರ ಜೊತೆಗೆ 2022ರ ಅಕ್ಟೋಬರ್‌ನಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಪ್ರಕಟಿಸಿದ ಅಧ್ಯಯನವೂ ಗೊತ್ತಿರಲಿ. 35ರಿಂದ 74 ವರ್ಷದ 33,497 ಮಹಿಳೆಯರನ್ನು ಅವರು ಸುಮಾರು 11 ವರ್ಷ ಗಮನಿಸಿದರು. ಕೂದಲು ನೇರ ಮಾಡುವ ರಾಸಾಯನಿಕಗಳನ್ನು ಬಳಸದವರಲ್ಲಿ 70ನೇ ವಯಸ್ಸಿನೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಅಂದಾಜು 1.64%. ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಬಳಸಿದವರಲ್ಲಿ 4.05%. ಇದು ನಂಟನ್ನು ತೋರಿಸುವ ಅಧ್ಯಯನ, ಕಾರಣವನ್ನು ಸಾಬೀತು ಮಾಡಿದ್ದಲ್ಲ. ಯಾವ ಬ್ರ್ಯಾಂಡ್, ಯಾವ ರಾಸಾಯನಿಕ ಅನ್ನೋ ವಿವರವನ್ನೂ ಅದರಲ್ಲಿ ಸಂಗ್ರಹಿಸಿರಲಿಲ್ಲ. ಹಾಗಂತ ಬದಿಗೆ ತಳ್ಳುವ ಮಾತೂ ಅಲ್ಲ. ಹೆದರುವ ಬದಲು ಬಳಕೆಯನ್ನು ಕಡಿಮೆ ಮಾಡೋದು ಬುದ್ಧಿವಂತಿಕೆ.

ಹಾಗಾದರೆ ಅಂತರ ಎಷ್ಟಿರಬೇಕು? ಅಮೆರಿಕದ ಚರ್ಮರೋಗ ತಜ್ಞರ ಅಕಾಡೆಮಿಯ ಸಲಹೆ, 2ರಿಂದ 4 ತಿಂಗಳಿಗೆ ಒಮ್ಮೆ, ಅದೂ ಹೊಸದಾಗಿ ಬೆಳೆದ ಕೂದಲಿಗೆ ಮಾತ್ರ.

3. ಕೂಡುಗೆರೆ

ರಿಲ್ಯಾಕ್ಸ್ ಆದ ನೇರ ಕೂದಲಿಗೂ ಹೊಸ ಗುಂಗುರು ಬುಡಕ್ಕೂ ನಡುವೆ ಒಂದು ಗಡಿ ಇರುತ್ತೆ. ಇದನ್ನು ಈ ಪಾಠದಲ್ಲಿ 'ಕೂಡುಗೆರೆ' ಅಂತ ಕರೆಯೋಣ. ಹಳೇ ಬಟ್ಟೆಗೆ ಹೊಸ ಬಟ್ಟೆ ಹೊಲಿದರೆ ಹರಿಯೋದು ಹೊಲಿಗೆ ಹಾಕಿದ ಜಾಗದಲ್ಲೇ ಅಲ್ವಾ? ಇದೂ ಹಾಗೇ. ಮೇಲೆ ಬಲವಾದ ಬುಡ, ಕೆಳಗೆ ಬಂಧ ಕಳೆದುಕೊಂಡ ಕೂದಲು. ಬಾಚಣಿಗೆ ಬುಡದ ಸುರುಳಿಯಲ್ಲಿ ಸಿಕ್ಕಿಕೊಂಡಾಗ ನಾವು ಎಳೆಯುತ್ತೇವೆ, ಎಳೆದ ಜೋರೆಲ್ಲ ಕೂಡುಗೆರೆಯ ಮೇಲೆ ಬೀಳುತ್ತೆ, ಅಲ್ಲೇ ತುಂಡಾಗುತ್ತೆ. ಅಂತರ ಹೆಚ್ಚಿಸಲು ಹೋಗಿ ಕೂದಲು ಕಳೆದುಕೊಂಡವರಲ್ಲಿ ಹೆಚ್ಚಿನವರು ಕಳೆದುಕೊಂಡದ್ದು ಇಲ್ಲೇ. ಮುಂದೆ ಹೇಳುವ ಎಲ್ಲ ಕ್ರಮಗಳೂ ಈ ಒಂದು ಗೆರೆಯನ್ನು ಕಾಯೋದಕ್ಕೆ.

4. ವಾರಗಳ ಲೆಕ್ಕ

*ಮೊದಲ 4 ವಾರ.* ಬುಡ ಇನ್ನೂ ಒಂದು ಸೆಂ.ಮೀ. ದಾಟಿರಲ್ಲ. ವಾರಕ್ಕೊಮ್ಮೆ ಸೌಮ್ಯ ಶಾಂಪೂ, ಪ್ರತಿ ಸಲವೂ ತಪ್ಪದೆ ಕಂಡೀಷನರ್. ನೋ-ಲೈ ಬಳಸಿದವರ ಕೂದಲ ಮೇಲೆ ಕ್ಯಾಲ್ಸಿಯಂ ಉಳಿದು ಒರಟಾಗುತ್ತೆ. ನಿಮ್ಮ ಊರಿನ ನೀರು ಗಡಸಾಗಿದ್ದರೆ ಅದರ ಲವಣವೂ ಸೇರಿಕೊಳ್ಳುತ್ತೆ. ಅಂಥವರು ತಿಂಗಳಿಗೊಮ್ಮೆ 'ಕೀಲೇಟಿಂಗ್' ಎಂದು ಬರೆದಿರುವ ಶಾಂಪೂ ಬಳಸಬಹುದು.

*5ರಿಂದ 8ನೇ ವಾರ.* ಈಗ ಬುಡ ಉಬ್ಬಲು ಶುರು. ಇಲ್ಲಿಂದ ಸಿಕ್ಕು ಬಿಡಿಸುವ ರೀತಿ ಬದಲಾಗಬೇಕು. ಒಣ ತಲೆಗೆ ಬಾಚಣಿಗೆ ಹಾಕಬೇಡಿ. ತೊಳೆಯುವಾಗ ಕೂದಲನ್ನು ನಾಲ್ಕು ಭಾಗ ಮಾಡಿ, ಧಾರಾಳವಾಗಿ ಕಂಡೀಷನರ್ ಹಚ್ಚಿ, ಮೊದಲು ಬೆರಳಿನಿಂದ, ಆಮೇಲೆ ಅಗಲ ಹಲ್ಲಿನ ಬಾಚಣಿಗೆಯಿಂದ ಬಿಡಿಸಿ. ಯಾವಾಗಲೂ ತುದಿಯಿಂದ ಶುರು ಮಾಡಿ ಬುಡದ ಕಡೆಗೆ ಹೋಗಿ. ಇನ್ನೊಂದು ಕೈಯಲ್ಲಿ ಕೂಡುಗೆರೆಯ ಮೇಲ್ಗಡೆ ಹಿಡಿದುಕೊಂಡರೆ ಎಳೆತ ಬುಡಕ್ಕೆ ಹೋಗಲ್ಲ.

ಎಣ್ಣೆಯ ವಿಷಯದಲ್ಲಿ ಅಜ್ಜಿ ಹೇಳಿದ್ದಕ್ಕೆ ವಿಜ್ಞಾನದ ಬೆಂಬಲವೂ ಇದೆ. ಭಾರತದ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೊಳೆಯುವ ಮುಂಚೆ ಹಚ್ಚಿದ ಕೊಬ್ಬರಿ ಎಣ್ಣೆ ಕೂದಲಿನಿಂದ ಪ್ರೋಟೀನ್ ನಷ್ಟವಾಗೋದನ್ನು ಕಡಿಮೆ ಮಾಡಿತು. ಸೂರ್ಯಕಾಂತಿ ಎಣ್ಣೆ, ಮಿನರಲ್ ಎಣ್ಣೆಗಳಿಂದ ಅಷ್ಟು ಫಲ ಸಿಗಲಿಲ್ಲ. ಆದ್ದರಿಂದ ತಲೆ ಸ್ನಾನಕ್ಕೆ ಒಂದೆರಡು ಗಂಟೆ ಮುಂಚೆ ಉದ್ದಕ್ಕೂ ತೆಳ್ಳಗೆ ಹಚ್ಚಿ. ನೆತ್ತಿಯನ್ನು ಗಸಗಸ ತಿಕ್ಕೋದು ಮಾತ್ರ ಬೇಡ, ಹೊಸ ಸುರುಳಿ ಗಂಟಾಗುತ್ತೆ.

*9ರಿಂದ 12ನೇ ವಾರ.* ಎಲ್ಲರಿಗೂ ಇದೇ ಕಷ್ಟದ ಕಾಲ. ಮೇಲಿನ ಗುಂಗುರನ್ನು ಕೆಳಗಿನ ನೇರಕ್ಕೆ ಹೊಂದಿಸಲು ದಿನಾ ಇಸ್ತ್ರಿ ಹಿಡಿಯೋಣ ಅನ್ಸುತ್ತೆ. ಬೇಡ. ಕೆಳಗಿನ ನೇರವನ್ನೇ ಮೇಲಿನ ಗುಂಗುರಿಗೆ ಹೊಂದಿಸಿ. ಒದ್ದೆ ಕೂದಲನ್ನು ಆರೆಂಟು ಸಡಿಲ ಜಡೆಯಾಗಿ ಹೆಣೆದು, ಪೂರ್ತಿ ಒಣಗಿದ ಮೇಲೆ ಬಿಚ್ಚಿದರೆ ಉದ್ದಕ್ಕೂ ಒಂದೇ ಬಗೆಯ ಅಲೆ ಬರುತ್ತೆ. ರೋಲರ್ ಹಾಕಿದರೂ ಸರಿ. ಇಲ್ಲಿ ಕೆಲಸ ಮಾಡೋದು ಮೊದಲು ಹೇಳಿದ ಹೈಡ್ರೋಜನ್ ಬಂಧಗಳೇ, ಆದ್ದರಿಂದ ಹಾನಿ ಇಲ್ಲ. ಸಂದರ್ಶನ, ಪ್ರೆಸೆಂಟೇಷನ್ ಅಂತ ಇಸ್ತ್ರಿ ಬೇಕೇ ಬೇಕಾದರೆ ವಾರಕ್ಕೊಂದು ಸಲಕ್ಕಿಂತ ಹೆಚ್ಚು ಬೇಡ. ಶಾಖದಿಂದ ಕಾಪಾಡುವ ಕ್ರೀಮು ಹಚ್ಚಿ, ಕೂದಲು ಚೆನ್ನಾಗಿ ಒಣಗಿದ ಮೇಲೆ ಹಿಡಿಯಿರಿ.

ಸಡಿಲ ತುರುಬು, ಸಡಿಲ ಜಡೆ ಒಳ್ಳೆಯದು. ಆದರೆ ದಿನಾ ಒಂದೇ ಜಾಗಕ್ಕೆ ರಬ್ಬರ್ ಬ್ಯಾಂಡ್ ಬಿಗಿದರೆ ಅಲ್ಲೇ ಮುರಿಯುತ್ತೆ. ಕೃತಕ ಕೂದಲು ಸೇರಿಸಿ ಹೆಣೆಸುವ ಬಿಗಿ ಜಡೆಗಳ ಭಾರವೂ ಕೂಡುಗೆರೆಯ ಮೇಲೆ ಬೀಳುತ್ತೆ. ಹೆಣೆದ ದಿನ ನೋವಾಯಿತು ಅಂದರೆ ಅದು ಬಿಗಿಯಾಗಿದೆ ಅಂತಲೇ ಅರ್ಥ. ರಾತ್ರಿ ಹತ್ತಿ ದಿಂಬಿನ ಬದಲು ಸ್ಯಾಟಿನ್ ಕವರ್ ಹಾಕಿ, ಅಥವಾ ಅಮ್ಮನ ಹಳೇ ರೇಷ್ಮೆ ಸೀರೆಯ ತುಂಡು ಇದ್ದರೆ ತಲೆಗೆ ಕಟ್ಟಿಕೊಳ್ಳಿ. ಉಜ್ಜಾಟ ಕಡಿಮೆಯಾಗುತ್ತೆ.

5. ಎಲ್ಲಿ ನಿಲ್ಲಿಸಬೇಕು?

ಅಂತರ ಹೆಚ್ಚಿಸೋದು ಪಂದ್ಯ ಅಲ್ಲ. ಗೆಳತಿ 16 ವಾರ ತಳ್ಳಿದಳು ಅಂತ ನೀವೂ ತಳ್ಳಬೇಕಿಲ್ಲ. ಉದುರಿದ ಕೂದಲನ್ನು ಬಿಳಿ ಹಾಳೆಯ ಮೇಲಿಟ್ಟು ನೋಡಿ. ಒಂದು ತುದಿಯಲ್ಲಿ ಸಣ್ಣ ಬಿಳಿ ಗುಂಡು ಇದ್ದರೆ ಅದು ಬುಡಸಮೇತ ಉದುರಿದ್ದು. ದಿನಕ್ಕೆ 50ರಿಂದ 100 ಹಾಗೆ ಉದುರೋದು ಎಲ್ಲರಿಗೂ ಸಹಜ. ಗುಂಡು ಇಲ್ಲದೆ ಚಿಕ್ಕ ಚಿಕ್ಕ ತುಂಡುಗಳೇ ಇದ್ದರೆ ಅದು ಮುರಿದದ್ದು. ವಾರದಿಂದ ವಾರಕ್ಕೆ ತುಂಡುಗಳು ಹೆಚ್ಚುತ್ತಿದ್ದರೆ ನಿಮ್ಮ ಮಿತಿ ಬಂತು. ಒಂದೋ ಟಚ್-ಅಪ್ ಮಾಡಿಸಿ, ಇಲ್ಲಾ ರಾಸಾಯನಿಕವನ್ನೇ ಬಿಟ್ಟು ನೇರ ಭಾಗವನ್ನು ಸ್ವಲ್ಪ ಸ್ವಲ್ಪವಾಗಿ ಕತ್ತರಿಸುತ್ತಾ ಬನ್ನಿ. ನೆತ್ತಿಯಲ್ಲಿ ಉರಿ, ಗಾಯ, ಬೋಳು ಮಚ್ಚೆ ಕಂಡರೆ ಎರಡೂ ಬೇಡ, ಮೊದಲು ಚರ್ಮದ ಡಾಕ್ಟರ್ ಹತ್ತಿರ ಹೋಗಿ. ನಡುನೆತ್ತಿಯಿಂದ ಶುರುವಾಗಿ ಸುತ್ತಲೂ ಹರಡುವ ಒಂದು ಬಗೆಯ ಕೂದಲುದುರುವಿಕೆಯಲ್ಲಿ ಕೂದಲಿನ ಬೇರೇ ಕಲೆಗಟ್ಟಿ ಮುಚ್ಚಿಹೋಗುತ್ತೆ. ತಡ ಮಾಡಿದರೆ ಆ ಜಾಗದಲ್ಲಿ ಮತ್ತೆ ಬೆಳೆಯಲ್ಲ.

6. ಟಚ್-ಅಪ್ ದಿನ

12 ವಾರ ಕಾಯ್ದದ್ದು ಆ ಒಂದು ಗಂಟೆಯಲ್ಲಿ ಹಾಳಾಗಬಾರದು. ಹಿಂದಿನ ಎರಡು ಮೂರು ದಿನ ತಲೆ ತೊಳೆಯಬೇಡಿ, ಕೆರೆದುಕೊಳ್ಳಬೇಡಿ. ಗೀರು ಬಿದ್ದ ಚರ್ಮಕ್ಕೆ ಕ್ಷಾರ ತಾಗಿದರೆ ಉರಿ ತಡೆಯಲಾಗದು. ಹಣೆಯಂಚು, ಕಿವಿ, ನೆತ್ತಿಗೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಕೂಡುಗೆರೆಯಿಂದ ಕೆಳಗಿನ ಹಳೆಯ ಕೂದಲಿಗೂ ಜೆಲ್ಲಿ ಅಥವಾ ದಪ್ಪ ಕಂಡೀಷನರ್ ಬಳಿದರೆ ಕ್ರೀಮು ತಪ್ಪಿ ಇಳಿದರೂ ತಡೆ ಇರುತ್ತೆ.

ಬುಡ ಉದ್ದ ಬೆಳೆದಿರುವುದರಿಂದ ಹಚ್ಚಲು ಹೆಚ್ಚು ಹೊತ್ತು ಬೇಕು. ಕೊನೆಯ ಭಾಗ ಮುಟ್ಟುವಷ್ಟರಲ್ಲಿ ಮೊದಲ ಭಾಗದ ಸಮಯ ಮುಗಿದುಹೋಗಿರುತ್ತೆ. ಆದ್ದರಿಂದ ಒಬ್ಬರೇ ಮಾಡಿಕೊಳ್ಳಬೇಡಿ, ಕೈ ಪಳಗಿದವರಿಂದ ಮಾಡಿಸಿ. ಡಬ್ಬಿಯ ಮೇಲಿನ ಸಮಯವನ್ನು ಒಂದು ನಿಮಿಷವೂ ಮೀರಬೇಡಿ. ಕೊನೆಗೆ ನ್ಯೂಟ್ರಲೈಸಿಂಗ್ ಶಾಂಪೂ. ಹಲವು ಶಾಂಪೂಗಳ ನೊರೆ ಕ್ಷಾರ ಉಳಿದಿದ್ದರೆ ಗುಲಾಬಿಗೆ ತಿರುಗುತ್ತೆ, ಪೂರ್ತಿ ಹೋದ ಮೇಲೆ ಬಿಳಿಯಾಗುತ್ತೆ. ಬಿಳಿ ನೊರೆ ಬರುವ ತನಕ ತೊಳೆಯಿರಿ.

7. ಊರಿಂದ ಸ್ಮೂತನಿಂಗ್ ಮಾಡಿಸಿಕೊಂಡು ಬಂದವರಿಗೆ

ನಿಮ್ಮದು ಥಯೋ ಆಗಿದ್ದರೆ ವಾರಗಳ ಲೆಕ್ಕದ ಕ್ರಮವೆಲ್ಲ ನಿಮಗೂ ಅನ್ವಯ. ನಮ್ಮಲ್ಲಿ ಹಲವರ ಕೂದಲು ಅಷ್ಟು ಬಿಗಿ ಸುರುಳಿ ಅಲ್ಲದ ಕಾರಣ ಅಂತರವನ್ನು ಇನ್ನೂ ಉದ್ದ ಮಾಡಬಹುದು. ರಜೆಗೆ ಊರಿಗೆ ಹೋಗುವ ತನಕ ಕಾಯೋದು ಬಹಳ ಜನಕ್ಕೆ ಸಾಧ್ಯ. ಬೆವರು ಜಾಸ್ತಿ, ನೆತ್ತಿ ಜಿಡ್ಡು ಅನ್ನೋರು ವಾರಕ್ಕೆ ಎರಡು ಸಲ ತೊಳೆದರೂ ತೊಂದರೆ ಇಲ್ಲ.

ಕೆರಾಟಿನ್ ಟ್ರೀಟ್‌ಮೆಂಟ್ ಬೇರೆ ಜಾತಿ. ಅದು ಗಂಧಕದ ಬಂಧ ಮುರಿಯುವ ಬದಲು ಕೂದಲಿನ ಮೇಲೆ ಪದರ ಕಟ್ಟಿ ಬಿಸಿಯಿಂದ ಕೂರಿಸುವ ಕ್ರಮ, ಕೆಲವು ತಿಂಗಳಲ್ಲಿ ತೊಳೆದುಹೋಗುತ್ತೆ. ಅವುಗಳಲ್ಲಿ ಕೆಲವು ಬಿಸಿಯಾದಾಗ ಫಾರ್ಮಾಲ್ಡಿಹೈಡ್ ಬಿಡುತ್ತವೆ. ಇದು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿರುವ ಅನಿಲ. ಅದರ ಬದಲು ಗ್ಲಯಾಕ್ಸಿಲಿಕ್ ಆಮ್ಲ ಹಾಕಿದ ಕ್ರೀಮುಗಳಿಂದ ಮೂತ್ರಪಿಂಡಕ್ಕೆ ಪೆಟ್ಟಾದ ಪ್ರಕರಣಗಳೂ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಹೆಸರಿನಲ್ಲಿ 'ಕೆರಾಟಿನ್' ಇದ್ದ ಮಾತ್ರಕ್ಕೆ ನಿರಪಾಯ ಅಂದುಕೊಳ್ಳಬೇಡಿ, ಡಬ್ಬಿಯ ಹಿಂದಿನ ಪಟ್ಟಿ ಓದಿ.

ನಿಮ್ಮ ತಲೆಗೆ ಹಚ್ಚಿದ್ದು ಯಾವುದು ಅಂತ ಗೊತ್ತಿಲ್ಲದಿದ್ದರೆ ಮನೆಗೆ ಫೋನ್ ಮಾಡಿ, ತಂಗಿಯನ್ನೋ ಅಕ್ಕನನ್ನೋ ಪಾರ್ಲರ್‌ಗೆ ಕಳಿಸಿ ಡಬ್ಬಿಯ ಫೋಟೋ ತೆಗೆಸಿಕೊಳ್ಳಿ. ಇಲ್ಲಿ ಯಾವ ಸಲೂನ್‌ಗೆ ಹೋದರೂ ಮೊದಲು ಆ ಫೋಟೋ ತೋರಿಸಿ. ಉತ್ತರ ಸಿಗದಿದ್ದರೆ ಹಳೆಯ ಕೂದಲಿಗೆ ಯಾವ ರಾಸಾಯನಿಕವೂ ಬೇಡ.

8. ಅಭ್ಯಾಸ

1. ಬೈತಲೆ ತೆಗೆದು ಹೊಸ ಬುಡವನ್ನು ಸ್ಕೇಲಿನಿಂದ ಅಳೆಯಿರಿ. ಕಳೆದ ಟಚ್-ಅಪ್‌ನಿಂದ ಎಷ್ಟು ವಾರ ಆಯಿತು? ನಿಮ್ಮ ಕೂದಲು ತಿಂಗಳಿಗೆ ಎಷ್ಟು ಬೆಳೆಯುತ್ತೆ ಅನ್ನೋ ನಿಮ್ಮದೇ ಲೆಕ್ಕ ಸಿಗುತ್ತೆ. ಅದು ಕ್ಯಾಲೆಂಡರ್‌ಗಿಂತ ನಂಬಿಕಸ್ಥ.

2. ಮುಂದಿನ ಮೂರು ತಲೆ ಸ್ನಾನಗಳಲ್ಲಿ ಉದುರಿದ ಕೂದಲನ್ನು ಬಿಳಿ ಹಾಳೆಯ ಮೇಲಿಟ್ಟು, ಗುಂಡು ಇರುವವು, ಮುರಿದವು ಅಂತ ಎರಡು ಗುಂಪು ಮಾಡಿ. ಯಾವ ಗುಂಪು ಬೆಳೆಯುತ್ತಿದೆ?

3. ಈ ವಿಷಯದಲ್ಲಿ ಅನುಭವ ಇರುವ ಕಪ್ಪು ಸಹಪಾಠಿ ಅಥವಾ ರೂಮ್‌ಮೇಟ್ ನಿಮಗೆ ಆಪ್ತರಾಗಿದ್ದರೆ, ಅವರಿಗೆ ಹೇಳಲು ಇಷ್ಟ ಇದ್ದರೆ, ಕೇಳಿ ತಿಳಿದುಕೊಳ್ಳಿ. ಅವರ ಕೂದಲನ್ನು ಮುಟ್ಟಿ ನೋಡಲು ಕೈ ಚಾಚಬೇಡಿ. ಬದಲಿಗೆ ನಮ್ಮ ಕೊಬ್ಬರಿ ಎಣ್ಣೆಯ ಒಂದು ಬಾಟಲಿ ಕೊಡಿ.